ಹೂವಿನ ಘಮ ತಟ್ಟದ ವರ್ಷ

ಮೂಡಿಗೆರೆ ಕಡೆ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾಗುತ್ತದೆ. ಆ ಘಮ ಅಂದರೆ ನನಗೆ ಜೀವ. 2023ರಲ್ಲಿ ಮಾತ್ರ ಗಿಡಗಳ ನಡುವೆ ನಿಂತೆ, ಏನೂ ಅನ್ನಿಸಲಿಲ್ಲ. ಅಳುವೂ ಬರಲಿಲ್ಲ. ಹೆದರಿದ್ದು ಅದಕ್ಕೇ.

ಬೆಳಗಿನ ಜಾವ 3ಕ್ಕೇ ಎಚ್ಚರ. ಕಡುಬು, ಕೋಳಿ ಸಾರು ಬಡಿಸಿದರೂ ಎರಡು ತುತ್ತು ಇಳಿಯುತ್ತಿರಲಿಲ್ಲ. ಸಾಲದ ಚಿಂತೆ ಅಂದುಕೊಂಡೆ. ಅಮ್ಮ ದೃಷ್ಟಿ ತೆಗೆದರು. ಆದರೆ ಕಂತು ಕಟ್ಟಿ ಬಂದ ಮೇಲೂ ಎದೆಯ ಭಾರ ಹಾಗೇ ಇತ್ತು. ಒತ್ತಡವಾಗಿದ್ದರೆ ಅವತ್ತು ಸ್ವಲ್ಪವಾದರೂ ಸಡಿಲವಾಗಬೇಕಿತ್ತಲ್ಲ?

ಒಂದು ರಾತ್ರಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿದರು. ಆಮೇಲೆ ಹಾಸನದಲ್ಲಿ ಮನೋವೈದ್ಯರನ್ನು ಕಂಡೆ. ಅವರು ಮೊದಲು ಕೇಳಿದ್ದು, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ದಾಟಿತಾ ಅಂತ. ಎರಡು ತಿಂಗಳೇ ದಾಟಿತ್ತು. ಖಿನ್ನತೆ ಎಂದರು. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ನಡುವೆ ನೀವಾಗಿಯೇ ನಿಲ್ಲಿಸಬೇಡಿ ಎಂದೂ ಹೇಳಿದರು. ಹತ್ತನೇ ದಿನಕ್ಕೇ ಬಿಡಲು ಹೊರಟಿದ್ದೆ. ಹೆಂಡತಿ ದಿನಾ ನೀರಿನ ಲೋಟ ಹಿಡಿದು ಎದುರಿಗೆ ನಿಲ್ಲುತ್ತಿದ್ದಳು, ಮಾತಿಲ್ಲದೆ.

ಐದನೇ ವಾರ ಇರಬೇಕು. ಕಾಫಿ ಕುದಿಯುವ ವಾಸನೆಗೆ ಎದ್ದು ಅಡುಗೆಮನೆಗೆ ಹೋದೆ. "ನಂಗೂ ಒಂದು ಲೋಟ" ಅಂದೆ. ಅವಳು ತಿರುಗಿ ನೋಡಿದಳು.