ಇಂಗ್ಲಿಷ್ ತುಂಡು ಸಾಲು ಜೋಡಿಸುವ ಪ್ರೋಗ್ರಾಂ: ಕೆಲಸ ಎಲ್ಲಿಗೆ ಬಂತು

ಸಬ್‌ಟೈಟಲ್ ಫೈಲಿನಲ್ಲಿರುವ ತುಂಡು ತುಂಡು ಇಂಗ್ಲಿಷನ್ನು ಜೋಡಿಸಿ ಸರಿಯಾದ ವಾಕ್ಯ ಮಾಡುವ ನನ್ನ ಪೈಥಾನ್ ಪ್ರೋಗ್ರಾಂ ಈಗ ಒಂದು ಹದಕ್ಕೆ ಬಂದಿದೆ. ಸುಲಭದ ಭಾಗ ಮುಗಿಯಿತು. ಸಾಲಿನ ಸಂಖ್ಯೆ, ಸಮಯ ಎಲ್ಲ ಕಿತ್ತು ಹಾಕುತ್ತದೆ. ಸಾಲು 'ದಿ' ಅಥವಾ 'ಆ್ಯಂಡ್' ಪದಕ್ಕೆ ಬಂದು ನಿಂತರೆ ಮುಂದಿನದನ್ನು ಕಣ್ಣು ಮುಚ್ಚಿ ಅಂಟಿಸುತ್ತದೆ. 'ಟು' ಮಾತ್ರ ಸ್ವಲ್ಪ ಕಳ್ಳ. 'ಐ ಡೋಂಟ್ ವಾಂಟ್ ಟು' ಅಂತ ವಾಕ್ಯವೇ ಮುಗಿದಿರಬಹುದು, ಅಲ್ವಾ?

ತಲೆ ತಿಂದದ್ದು ಯಾವುದು ತುಂಡು, ಯಾವುದು ಪೂರ್ತಿ ಅನ್ನುವ ಪ್ರಶ್ನೆ. ಕರ್ತೃ ಮತ್ತು ಕ್ರಿಯಾಪದ ಎರಡೂ ಇದ್ದರೆ ಪೂರ್ತಿ ಅನ್ನುವ ಶಾಲೆಯ ಪಾಠ ಇಲ್ಲಿ ಸಾಲದು. 'ಸಿಟ್ ಡೌನ್' ಅಂದಾಗ ಕರ್ತೃ ಕಾಣುವುದಿಲ್ಲ, ಆದರೂ ಅದು ಪೂರ್ತಿ ವಾಕ್ಯ. 'ಬಿಕಾಸ್ ಇಟ್ ವಾಸ್ ರೇನಿಂಗ್' ಅನ್ನುವುದರಲ್ಲಿ ಎರಡೂ ಇವೆ, ಆದರೆ ಅದು ತುಂಡು. ಹಾಗಾಗಿ ವಾಕ್ಯದ ವ್ಯಾಕರಣ ಬಿಡಿಸಿ ತೋರಿಸುವ ಸ್ಪೇಸಿ ಅನ್ನುವ ಪೈಥಾನ್ ಲೈಬ್ರರಿಯಿಂದ ವಾಕ್ಯದ ಬೇರು, ಅಂದರೆ ಮುಖ್ಯ ಕ್ರಿಯಾಪದ ಹುಡುಕಿ, ಅದಕ್ಕೆ 'ಬಿಕಾಸ್', 'ಆಲ್ದೋ', 'ಇಫ್' ಥರದ ಪದ ತಗುಲಿಕೊಂಡಿದೆಯಾ ಅಂತ ನೋಡುತ್ತೇನೆ. ತಗುಲಿಕೊಂಡಿದ್ದರೆ ತುಂಡು. 'ವೆನ್' ಅನ್ನು ಸ್ಪೇಸಿ ಬೇರೆ ಗುಂಪಿಗೆ ಹಾಕುತ್ತದೆ, ಅದಕ್ಕೆ ಪ್ರತ್ಯೇಕ ಪಟ್ಟಿ ಬೇಕಾಯಿತು. ಸಾಲದ್ದಕ್ಕೆ 'ವೆನ್ ಡಿಡ್ ಹಿ ಲೀವ್' ಅಂದರೆ ಪೂರ್ತಿ ಪ್ರಶ್ನೆ. 'ಡಿಡ್' ಕರ್ತೃವಿಗಿಂತ ಮುಂಚೆ ಬಂದರೆ ಪ್ರಶ್ನೆ ಅಂತ ಇನ್ನೊಂದು ನಿಯಮ ಸೇರಿತು.

ಈಗ ನಿಜವಾದ ತಲೆನೋವು. ಈ ಮೂರು ಸಾಲು ನೋಡಿ:

ವಿ ಸ್ಟೇಡ್ ಹೋಂ.
ಬಿಕಾಸ್ ಇಟ್ ವಾಸ್ ರೇನಿಂಗ್.
ದಿ ಮ್ಯಾಚ್ ವಾಸ್ ಕ್ಯಾನ್ಸಲ್ಡ್.

ನಡುವಿನ ತುಂಡು ಯಾರ ಪಾಲಿಗೆ? ಮೇಲಿನದಕ್ಕೆ ಸೇರಿಸಿದರೆ ಮಳೆಗೆ ಮನೆಯಲ್ಲಿ ಉಳಿದೆವು. ಕೆಳಗಿನದಕ್ಕೆ ಸೇರಿಸಿದರೆ ಮಳೆಗೆ ಮ್ಯಾಚ್ ರದ್ದಾಯಿತು. ವ್ಯಾಕರಣದ ಪ್ರಕಾರ ಎರಡೂ ಸರಿ. ಮೇಲಕ್ಕೆ ಹೋದರೆ ಸಾಮಾನ್ಯವಾಗಿ ಕಾಮಾ ಬೇಡ, ಕೆಳಕ್ಕೆ ಬಂದರೆ 'ರೇನಿಂಗ್' ಆದ ಮೇಲೆ ಕಾಮಾ ಬೇಕು. ಸಾಲುಗಳ ನಡುವಿನ ಸಮಯ ಸ್ವಲ್ಪ ಸುಳಿವು ಕೊಡುತ್ತದೆ, ಯಾವ ಕಡೆ ಅಂತರ ಕಡಿಮೆಯೋ ಆ ಕಡೆಗೆ ಒಲವು. ಅಂತರ ಹೆಚ್ಚುಕಡಿಮೆ ಒಂದೇ ಇದ್ದರೆ ಪ್ರೋಗ್ರಾಂ ಎರಡೂ ರೂಪ ತೋರಿಸಿ ನನ್ನನ್ನೇ ಕೇಳುತ್ತದೆ. ಸುಮ್ನೆ ಒಂದು ಕಡೆಗೆ ದಬ್ಬುವುದಕ್ಕಿಂತ ಇದೇ ವಾಸಿ ಅನ್ನಿಸಿತು.

ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾದಿಂದ ಹೊಲಿಯುವುದನ್ನು ನಿಲ್ಲಿಸಿದ್ದೇನೆ. ಅಲ್ಲಿ 'ಆ್ಯಂಡ್', 'ಬಟ್' ಬರಬೇಕು, ಇಲ್ಲವೇ ಸೆಮಿಕೋಲನ್. 'ಆಲ್ದೋ' ಇದ್ದ ವಾಕ್ಯಕ್ಕೆ ಮತ್ತೆ 'ಬಟ್' ಸೇರದಂತೆಯೂ ತಡೆ ಹಾಕಿದ್ದೇನೆ.

ಉಳಿದಿರುವುದು 'ಇಂಗ್' ತುಂಡುಗಳು. 'ವಾಕಿಂಗ್ ಹೋಂ' ಮತ್ತು 'ದಿ ರೇನ್ ಸ್ಟಾರ್ಟೆಡ್' ಎರಡನ್ನೂ ಕಾಮಾ ಹಾಕಿ ಸೇರಿಸಿದರೆ ಮಳೆಯೇ ಮನೆಗೆ ನಡೆದು ಹೊರಟಂತಾಗುತ್ತದೆ. 'ಆ್ಯಸ್ ಐ ವಾಸ್ ವಾಕಿಂಗ್ ಹೋಂ' ಅಂತ ಬಿಡಿಸಬೇಕು, ಆದರೆ ಆ 'ಐ' ಅನ್ನು ಹಿಂದಿನ ವಾಕ್ಯಗಳಿಂದ ಹೆಕ್ಕಿ ತರಬೇಕು. ಸದ್ಯಕ್ಕೆ ಇಂಥ ಸಾಲುಗಳಿಗೆ ಗುರುತು ಹಾಕಿ ಹಾಗೇ ಬಿಡುತ್ತಿದ್ದೇನೆ.