ಮಕ್ಕಳ ‘ಯಾಕೆ’ಗೆ ಕಾರಣ ಹೇಳಲೇಬೇಕಾ?

ಮೂರು ವರ್ಷದ ಮಗು ‘ಯಾಕೆ’ ಅಂತ ಶುರು ಮಾಡಿದರೆ ನಿಲ್ಲಿಸುವುದೇ ಇಲ್ಲ. ಸುಮ್ನೆ ತಲೆ ತಿನ್ನುತ್ತಿದೆ ಅಂತ ನಮಗೆ ಅನ್ನಿಸುತ್ತದೆ. ಆದರೆ 2009ರಲ್ಲಿ ಬಂದ ಒಂದು ಅಧ್ಯಯನ ಬೇರೆಯದೇ ಹೇಳಿತು. ನಿಜವಾದ ಕಾರಣ ಸಿಕ್ಕರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ ಅಥವಾ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಏನೋ ಒಂದು ಹೇಳಿ ಸಾಗಹಾಕಿದರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ, ಇಲ್ಲವೇ ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ.

ನಾವು ಅವರನ್ನು ಕೇಳುವ ‘ಯಾಕೆ’ ಹೇಗಿರುತ್ತದೆ ನೋಡಿ. ‘ಯಾಕೋ ಚೆಲ್ಲಿದೆ?’ ಅದು ಬೈಗುಳ. ಪಾಪ, ಮಗು ಕಾರಣ ಹೇಳಲು ಹೋದರೆ ‘ಎದುರು ಮಾತಾಡ್ತೀಯಾ’ ಅನ್ನುತ್ತೇವೆ. ಕಾರಣ ಹೇಳಲು ಕಲಿಯುವುದಾದರೂ ಎಲ್ಲಿ?

ಮನಸ್ಸಿನೊಳಗಿನದನ್ನು ಹೇಳುವ ಮಾತು, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುವುದು, ಇವೂ ನಿಧಾನವಾಗಿ ಬರುತ್ತವೆ. ಎರಡು ವರ್ಷದ ಹೊತ್ತಿಗೆ ‘ಬೇಕು, ಬೇಡ’ ಜಾಸ್ತಿ. ‘ನನಗೆ ಗೊತ್ತು’, ‘ಹಾಗೆ ಅಂದ್ಕೊಂಡೆ’ ಎಲ್ಲ ಮೂರರ ಆಸುಪಾಸಿನಲ್ಲಿ. 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಒಂದು ಕಥೆ ಹೇಳಿದರು: ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ, ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಹಾಕುತ್ತಾಳೆ. ವಾಪಸ್ ಬಂದವನು ಎಲ್ಲಿ ಹುಡುಕುತ್ತಾನೆ? ಇಂಥ ಪ್ರಶ್ನೆಗೆ ಮೂರು ವರ್ಷದ ಹೆಚ್ಚಿನ ಮಕ್ಕಳು ಚಾಕೊಲೇಟ್ ಈಗ ಇರುವ ಜಾಗವನ್ನೇ ತೋರಿಸುತ್ತಾರೆ. ತಮಗೆ ಗೊತ್ತಿರುವುದು ಅವನಿಗೂ ಗೊತ್ತು ಅಂತ. ಐದಾಗುವ ಹೊತ್ತಿಗೆ ಹೆಚ್ಚಿನವರು ಸರಿಯಾಗಿ ಹೇಳುತ್ತಾರೆ.

ಬರೀ ವಯಸ್ಸಾದರೆ ಇದು ಬಂದುಬಿಡುತ್ತದಾ? ಮಧ್ಯ ಅಮೆರಿಕದ ನಿಕರಾಗುವಾ ದೇಶದ ಸಂಗತಿ ಕೇಳಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. 1970ರ ದಶಕದ ಕೊನೆಯಲ್ಲಿ ಅಲ್ಲಿ ಕಿವುಡ ಮಕ್ಕಳು ಶಾಲೆಯಲ್ಲಿ ಒಟ್ಟು ಸೇರಿದಾಗ ಹೊಸದೊಂದು ಸನ್ನೆ ಭಾಷೆಯೇ ಹುಟ್ಟಿಕೊಂಡಿತು. ಮೊದಲ ತಂಡದವರ ಭಾಷೆಯಲ್ಲಿ ಯೋಚಿಸುವುದು, ತಿಳಿಯುವುದು ಇಂಥವಕ್ಕೆ ಸನ್ನೆಗಳು ಕಡಿಮೆ. ದೊಡ್ಡವರಾದ ಮೇಲೂ ಇಂಥ ಪರೀಕ್ಷೆಯಲ್ಲಿ ಅವರು, ಆಮೇಲೆ ಶಾಲೆಗೆ ಸೇರಿ ಇಂಥ ಸನ್ನೆಗಳನ್ನು ಹೆಚ್ಚು ಬಳಸುತ್ತಿದ್ದ ಚಿಕ್ಕವರಿಗಿಂತ ಹಿಂದೆ ಬಿದ್ದರು. ಎರಡು ವರ್ಷ ಬಿಟ್ಟು ನೋಡಿದರೆ, ಚಿಕ್ಕವರ ಜೊತೆ ಬೆರೆತು ಆ ಸನ್ನೆಗಳನ್ನು ಕಲಿತವರು ಸುಧಾರಿಸಿದ್ದರು. ದೊಡ್ಡವರಿಗೇ ಹೀಗಾದರೆ ಮಕ್ಕಳಿಗೆ ಮಾತು ಎಷ್ಟು ಮುಖ್ಯ ಅಲ್ವಾ?

ಅದಕ್ಕೇ ‘ಕಿತ್ಕೋಬೇಡ’ ಅಂತ ಗದರುವುದಕ್ಕಿಂತ ‘ಅವಳ ಆಟ ಇನ್ನೂ ಮುಗಿದಿಲ್ಲ, ನೀನು ಮುಗೀತು ಅಂದ್ಕೊಂಡೆ’ ಅನ್ನುವುದು ನನಗೆ ಇಷ್ಟ. ಉದ್ದ ಆಯಿತು, ಆಗಲಿ.

ಇನ್ನೊಬ್ಬರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ತಿಳಿಯುವುದರ ಜೊತೆಗೇ ಸುಳ್ಳೂ ಪಳಗುತ್ತದೆ, ತಯಾರಾಗಿರಿ. ಬಣ್ಣದ ಪೆನ್ಸಿಲ್ ಕೈಯಲ್ಲೇ ಹಿಡಿದು ‘ಗೋಡೆ ಮೇಲೆ ಗೀಚಿದ್ದು ನಾನಲ್ಲ’ ಅನ್ನುವ ಮಗು ಇನ್ನೂ ಕಲಿಯುತ್ತಿದೆ. ಪೆನ್ಸಿಲನ್ನು ಅಣ್ಣನ ಚೀಲಕ್ಕೆ ಹಾಕಿ ಬಂದು ಹಾಗೆ ಹೇಳಿದರೆ, ಕಲಿತಾಯಿತು.