ರೂಟ್ ಹದಿನಾರು

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಕಾಲ. ಬೇರೆ ಏನಕ್ಕೆ ಹೆದರಿದರೂ ವರ್ಗ ಸಮೀಕರಣಕ್ಕೆ ನಾನು ಹೆದರುತ್ತಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ನಮ್ಮ ಸರ್ ‘ಮೈನಸ್ ಬಿ, ಪ್ಲಸ್ ಆರ್ ಮೈನಸ್ ರೂಟ್...’ ಅಂತ ಸೂತ್ರವನ್ನು ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದ್ದರು.

ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಲೆಕ್ಕಕ್ಕೆ 35 ಪ್ರಶ್ನೆ, 20 ನಿಮಿಷ. ತಪ್ಪಿದರೆ ಕಾಲು ಅಂಕ ಕಟ್. ಎಕ್ಸ್‌ಗೊಂದು, ವೈಗೊಂದು ಸಮೀಕರಣ ಕೊಡುತ್ತಾರೆ. ಯಾವುದು ದೊಡ್ಡದು ಅಂತ ಹೇಳಿದರೆ ಸಾಕು. ಎರಡರಲ್ಲೂ ಕೊನೆಯ ಸಂಖ್ಯೆ ಮೈನಸ್ ಇದ್ದರೆ ಬಿಡಿಸೋದೇ ಬೇಡ ಅಂತ ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದರು. ಎರಡಕ್ಕೂ ಒಂದು ಪ್ಲಸ್, ಒಂದು ಮೈನಸ್ ಉತ್ತರ ಬರುತ್ತೆ, ಹೋಲಿಸೋಕಾಗಲ್ಲ. ಕಣ್ಣು ಮುಚ್ಚಿ ಐದನೇ ಆಪ್ಷನ್: ‘ಸಂಬಂಧ ಹೇಳಲಾಗದು’. ಮೊದಲ ಸಲ ಕೇಳಿದಾಗ ಇದು ಕಾಪಿ ಹೊಡೆದಂಗೆ ಅಲ್ವಾ ಅನ್ನಿಸಿತ್ತು.

ಪರೀಕ್ಷೆ ಹುಬ್ಬಳ್ಳಿಯಲ್ಲಿ. ಎಕ್ಸ್ ಸ್ಕ್ವೇರ್ ಮೈನಸ್ 7 ಎಕ್ಸ್ ಪ್ಲಸ್ 12: ಮೂರು, ನಾಲ್ಕು. ವೈ ಸ್ಕ್ವೇರ್ ಮೈನಸ್ 9 ವೈ ಪ್ಲಸ್ 20: ನಾಲ್ಕು, ಐದು. ನಾಲ್ಕು ಎರಡೂ ಕಡೆ ಇದೆ, ಅಂದರೆ ವೈ ದೊಡ್ಡದು ಅಥವಾ ಸಮ. ರಫ್ ಶೀಟಿನ ಮೇಲೆ ಬರೆದದ್ದು ನಾಲ್ಕೇ ಅಂಕಿ. ಮುಂದಿನ ಎರಡಕ್ಕೆ ಪೆನ್ನೇ ಮುಟ್ಟಲಿಲ್ಲ. ಕೊನೆಯದು ನೋಡಿ ನಗು ಬಂತು. ಎಕ್ಸ್ ಸ್ಕ್ವೇರ್ ಅಂದರೆ 16. ವೈ ಅಂದರೆ ರೂಟ್ 16. ಇದನ್ನ ಸುಮ್ನೆ ಕೊಟ್ಟಿದ್ದಾರೆ! ಎರಡೂ ಪ್ಲಸ್ ಆರ್ ಮೈನಸ್ ನಾಲ್ಕು. ಐದನೇ ಆಪ್ಷನ್ ಒತ್ತಿ ಮುಂದೆ ಹೋದೆ.

ಹೊರಗೆ ಬಂದು ನಾನೂ ರೂಮ್‌ಮೇಟೂ ಗಿರ್ಮಿಟ್, ಮಿರ್ಚಿ ತಿನ್ನುತ್ತಾ ನಿಂತೆವು.

“ಕಡೇದ್ದಕ್ಕ ಏನ್ ಹಾಕಿದಿ?”

“ಐದನೇದು.”

ಅವನು ಬಾಯಿಗೆ ಒಯ್ದ ಮಿರ್ಚಿ ಕೆಳಗಿಳಿಸಿದ. “ಲೇ, ರೂಟ್ ಅವರೇ ಹಾಕಿ ಕೊಟ್ಟಾರ. ಅದು ಬರೇ ಪ್ಲಸ್ ನಾಕು. ಮೈನಸ್ ನೀ ಎಲ್ಲಿಂದ ತಂದಿ?”

ವರ್ಗ ಮಾಡಿದರೆ 16 ಬರುವ ಸಂಖ್ಯೆ ಎರಡಿವೆ, ನಿಜ. ಆದರೆ ರೂಟ್ ಚಿಹ್ನೆ ಹಾಕಿದರೆ ಪ್ಲಸ್ ಇರುವುದೊಂದೇ ಲೆಕ್ಕಕ್ಕೆ. ಸೂತ್ರದಲ್ಲಿ ರೂಟಿನ ಮುಂದೆ ‘ಪ್ಲಸ್ ಆರ್ ಮೈನಸ್’ ಅಂತ ಬೇರೆಯಾಗಿ ಬರೆಯೋದೂ ಅದಕ್ಕೇ. ರೂಟಿನೊಳಗೇ ಮೈನಸ್ಸೂ ಇದ್ದಿದ್ದರೆ ಅದನ್ನ ಯಾಕೆ ಬರೆಯಬೇಕಿತ್ತು? ಅಷ್ಟು ವರ್ಷ ರಾಗವಾಗಿ ಹೇಳಿದ್ದೆ, ಒಮ್ಮೆಯೂ ಈ ಪ್ರಶ್ನೆ ಹೊಳೆದಿರಲಿಲ್ಲ.

ರಿಸಲ್ಟ್ ಬಂದಾಗ ನನಗೆ ಕಟಾಫ್ ತಪ್ಪಿದ್ದು ಒಂದು ಅಂಕಕ್ಕಿಂತಲೂ ಕಡಿಮೆಯಲ್ಲಿ. ಅವನು ಮೇನ್ಸ್‌ಗೆ ಹೋದ. ನಾನು ಓನರ್ ಆಂಟಿಗೆ ಇನ್ನೂ ಆರು ತಿಂಗಳು ರೂಮು ಬೇಕು ಅಂತ ಹೇಳಿಬಂದೆ.